ಹೂವಿನ ಗೋಡೆ ಕೌದಿ: ತುಂಡು ಬಟ್ಟೆಯಲ್ಲಿ ಡೇರೆ ಹೂ ಮೂಡಿಸುವ ಕ್ರಮ

ಕಳೆದ ಮಳೆಗಾಲದಲ್ಲಿ ಐದಾರು ಜನ ತಾವು ಹೊಲಿದ ಹೂವಿನ ಕೌದಿ ಹಿಡಿದುಕೊಂಡು ಶಿರಸಿಯ ನಮ್ಮ ಮನೆಗೆ ಬಂದಿದ್ದರು. ಒಬ್ಬರದ್ದು ಗೋಡೆಗೆ ಹಾಕಿದರೆ ಕರಿದ ಹಪ್ಪಳದ ಹಾಗೆ ಅಲೆ ಅಲೆಯಾಗಿ ನಿಲ್ಲುತ್ತಿತ್ತು. ಇನ್ನೊಬ್ಬರದ್ದರಲ್ಲಿ ಕೆಂಪು ದಾಸವಾಳದ ಬಣ್ಣ ಬಿಳಿ ಬಟ್ಟೆಗೆ ಇಳಿದಿತ್ತು. ಮತ್ತೊಬ್ಬರು ಎರಡು ತಿಂಗಳು ಕೂತು ಹೊಲಿದ ಹೂ, ಹತ್ತು ಅಡಿ ದೂರ ನಿಂತು ನೋಡಿದರೆ ಹೂವಾಗಿಯೇ ಕಾಣುತ್ತಿರಲಿಲ್ಲ. ಪ್ರತಿಯೊಂದನ್ನೂ ಮಗುಚಿ ಹಿಂಭಾಗ ನೋಡಿದೆ. ಹೊಲಿಗೆ ಯಾರದ್ದೂ ಕೆಟ್ಟಿರಲಿಲ್ಲ. ಎಲ್ಲರೂ ತಪ್ಪಿದ್ದು ಒಂದೇ ಕಡೆ. ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲಿ.

ಹಾಗಾಗಿ ಒಂದೇ ಒಂದು ಕೌದಿಯನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ಹೇಳುತ್ತೇನೆ. ಅಗಲ 18 ಇಂಚು, ಎತ್ತರ 24 ಇಂಚು. ನಡುವೆ ಒಂದು ಡೇರೆ ಹೂ, ಅಂದರೆ ಡೇಲಿಯಾ, ಪಕ್ಕಕ್ಕೆ ಒಂದು ಮೊಗ್ಗು, ಎರಡು ಎಲೆ. ಹೊದೆಯುವುದಕ್ಕಲ್ಲ, ಗೋಡೆಗೆ. ಮಳೆಗಾಲದಲ್ಲಿ ಘಟ್ಟದ ಮೇಲೆ ಡೇರೆ ಇಲ್ಲದ ಅಂಗಳ ಕಡಿಮೆ, ಎದುರಿಗೆ ಇಟ್ಟುಕೊಂಡೇ ಹೊಲಿಯಬಹುದು. ಕಾರವಾರ, ಅಂಕೋಲಾ, ಕುಮಟಾ ಕಡೆಯವರು ದಾಸವಾಳ ತೆಗೆದುಕೊಳ್ಳಿ. ಐದೇ ಎಸಳು, ಕ್ರಮ ಇದೇ.

ಮೊದಲ ಸಲಕ್ಕೆ ಇದಕ್ಕಿಂತ ದೊಡ್ಡದು ಬೇಡ. ದೊಡ್ಡದರಲ್ಲಿ ತಪ್ಪು ಗೊತ್ತಾಗುವ ಹೊತ್ತಿಗೆ ಬಿಚ್ಚುವ ಧೈರ್ಯ ಉಳಿದಿರುವುದಿಲ್ಲ.

ಕೂರುವ ಮೊದಲು ಬೇಕಾಗುವ ಸಾಮಾನು

ಕತ್ತರಿ ಎರಡು ಬೇಕು. ಒಂದು ಬಟ್ಟೆಗೆ, ಇನ್ನೊಂದು ಕಾಗದಕ್ಕೆ. ಬಟ್ಟೆಯ ಕತ್ತರಿಯಲ್ಲಿ ಒಂದೇ ಒಂದು ಸಲ ರಟ್ಟು ಕತ್ತರಿಸಿದರೂ ಬಾಯಿ ಮೊಂಡಾಗುತ್ತದೆ, ಆಮೇಲೆ ಎಸಳಿನ ಅಂಚು ಎಳೆ ಬಿಡುತ್ತದೆ. ತುದಿ ಚೂಪಾಗಿರುವ ಸಣ್ಣ ಕತ್ತರಿ ಇದ್ದರೆ ಇನ್ನೂ ಒಳ್ಳೆಯದು. ಎಸಳು ಕೂರಿಸಲು 9 ಅಥವಾ 10 ನಂಬರಿನ ತೆಳು ಸೂಜಿ, ಪದರ ಹೊಲಿಯಲು 7 ನಂಬರಿನದ್ದು. ಸೂಜಿಯ ನಂಬರು ಹೆಚ್ಚಾದಷ್ಟೂ ಸೂಜಿ ತೆಳು ಅನ್ನುವುದು ನೆನಪಿರಲಿ. ಹತ್ತಿ ದಾರ, ಗುಂಡುಪಿನ್ನು, ಅಳತೆಯ ಟೇಪು, ಅಂಟಿಸುವ ಟೇಪು, ಟೇಲರುಗಳ ಎಲ್ ಸ್ಕೇಲು, ಚಾಕ್, ಇಸ್ತ್ರಿ ಪೆಟ್ಟಿಗೆ. ಎಸಳಿನ ಅಚ್ಚಿಗೆ ಹಳೆಯ ಮದುವೆ ಕಾಗದದ ರಟ್ಟು ಸಾಕು. ಶಾಲೆ ಪುಸ್ತಕಕ್ಕೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ಕವರು ಒಂದು ಹಾಳೆ ಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೊಲಿಗೆ ಮೆಷಿನ್ ಇಲ್ಲದೆಯೇ ಇಡೀ ಕೌದಿ ಆಗುತ್ತದೆ. ಅಂಚಿನ ಪಟ್ಟಿಗೆ ಮಾತ್ರ ಮೆಷಿನ್ ಇದ್ದರೆ ಕೆಲಸ ಬೇಗ.

ಹಂತ 1: ತುಂಡು ಆರಿಸುವುದು

ಮನೆಯ ಹಳೆ ಹತ್ತಿ ಸೀರೆ, ಪಂಚೆ, ಟೇಲರ್ ಅಂಗಡಿಯ ಮೂಲೆಯ ಚೀಲದಲ್ಲಿರುವ ತುಂಡು, ಎಲ್ಲವೂ ಆಗುತ್ತದೆ. ಆದರೆ ಈ ಕೌದಿಗೆ ಹತ್ತಿ ಮಾತ್ರ ಇರಲಿ. ಹತ್ತಿ ಮಡಿಸಿದ ಕಡೆ ಮಡಿಕೆಯಾಗಿ ಕೂರುತ್ತದೆ. ಪಾಲಿಸ್ಟರ್ ಮಡಿಸಿದ ಕೂಡಲೇ ಪುಟಿದು ಎದ್ದು ನಿಲ್ಲುತ್ತದೆ, ಇಸ್ತ್ರಿಯ ಬಿಸಿಗೆ ಮುದುಡುತ್ತದೆ. ಎಸಳಿನ ತುದಿ ಚೂಪಾಗಿ ಬರುತ್ತಿಲ್ಲ ಅಂತ ಬೇಸರ ಪಟ್ಟುಕೊಂಡವರಲ್ಲಿ ಅರ್ಧ ಜನರ ಕೈಯಲ್ಲಿ ಇದ್ದದ್ದು ಪಾಲಿಸ್ಟರ್.

ಅನುಮಾನ ಇದ್ದರೆ ಎರಡು ಎಳೆ ಕಿತ್ತು, ಚಿಮಟಿಗೆಯಲ್ಲಿ ಹಿಡಿದು, ನೀರಿನ ತಟ್ಟೆಯ ಮೇಲೆ ಸುಟ್ಟು ನೋಡಿ. ಹತ್ತಿ ಕಾಗದದ ಹಾಗೆ ಉರಿದು ಮೆತ್ತಗಿನ ಬೂದಿಯಾಗುತ್ತದೆ. ಪಾಲಿಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಬಟ್ಟೆಯನ್ನು ಬೆಳಕಿಗೆ ಹಿಡಿದೂ ನೋಡಿ. ಮೊಣಕೈ, ಮಂಡಿ ಬರುವ ಜಾಗದಲ್ಲಿ ಸವೆದ ತುಂಡು ಎಷ್ಟೇ ಚೆಂದದ ಬಣ್ಣವಿದ್ದರೂ ಬೇಡ. ಸೂಜಿ ಎಳೆದಾಗ ಹರಿಯುವುದು ಅಲ್ಲಿಯೇ.

ಹಂತ 2: ತೊಳೆದು, ಬಣ್ಣ ಬಿಡುತ್ತದೆಯೇ ನೋಡುವುದು

ಈ ಹಂತವನ್ನು ಬಿಟ್ಟವರೇ ಜಾಸ್ತಿ. ನಾನೂ ಒಮ್ಮೆ ಬಿಟ್ಟಿದ್ದೆ. ಬಿಳಿ ಸುರಗಿ ಹೂಗಳ ನಡುವೆ ಒಂದು ಕಡುಗೆಂಪು ಸೀರೆಯ ತುಂಡು ಇಟ್ಟು ಹೊಲಿದಿದ್ದೆ. ಚಾಕ್ ಗುರುತು ಹೋಗಲಿ ಅಂತ ಕೊನೆಯಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದೆ, ಅಷ್ಟೇ. ಬೆಳಿಗ್ಗೆ ನೋಡಿದರೆ ಆ ತುಂಡಿನ ಸುತ್ತ ಗುಲಾಬಿ ಬಣ್ಣದ ಕಲೆ ಹರಡಿತ್ತು. ನಾಲ್ಕು ಸುರಗಿ ಹೂಗಳನ್ನು ಕಿತ್ತು ಹೊಸದಾಗಿ ಕೂರಿಸಬೇಕಾಯಿತು.

ಪ್ರತಿ ತುಂಡನ್ನೂ ಬೇರೆ ಬೇರೆಯಾಗಿ ತೊಳೆಯಿರಿ. ಒದ್ದೆ ಇರುವಾಗಲೇ ಒಂದು ಬಿಳಿ ಹತ್ತಿ ಬಟ್ಟೆಯ ಮೇಲೆ ಹರಡಿ, ಬಿಸಿ ಇಸ್ತ್ರಿಯಿಂದ ಒತ್ತಿ. ಬಿಳಿ ಬಟ್ಟೆಗೆ ಬಣ್ಣ ಇಳಿದರೆ ಮತ್ತೆ ತೊಳೆದು ಮತ್ತೆ ಒತ್ತಿ. ಮೂರನೇ ಸಲವೂ ಇಳಿದರೆ ಆ ತುಂಡನ್ನು ಪಕ್ಕಕ್ಕಿಡಿ. ಕೆಂಪು, ಕಡುನೀಲಿ, ನೇರಳೆ ಇವುಗಳ ಮೇಲೆ ಹೆಚ್ಚು ಕಣ್ಣಿರಲಿ.

ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುತ್ತಾರೆ. ಉಪ್ಪು ಬಣ್ಣ ಹಾಕುವಾಗ ಕೆಲಸಕ್ಕೆ ಬರುತ್ತದೆ, ಬಣ್ಣ ಹಾಕಿ ಮುಗಿದ ಬಟ್ಟೆಗೆ ಅಲ್ಲ. ಅದನ್ನು ನಂಬಿ ಪರೀಕ್ಷೆ ಬಿಡಬೇಡಿ.

ತೊಳೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಹೊಸ ಹತ್ತಿ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ, ಹಳೆಯದು ಕುಗ್ಗಿ ಮುಗಿದಿರುತ್ತದೆ. ಎರಡನ್ನೂ ಹಾಗೆಯೇ ಸೇರಿಸಿ ಹೊಲಿದರೆ ಮುಂದೆ ಒಂದು ಇನ್ನೊಂದನ್ನು ಎಳೆದು ಸುಕ್ಕು ಮಾಡುತ್ತದೆ. ಗಂಜಿ ಹಾಕಬೇಡಿ. ನಮ್ಮ ಕಡೆಯ ತೇವದಲ್ಲಿ ಗಂಜಿ ಅಂದರೆ ಬೂಸಲಿಗೂ ಹುಳಕ್ಕೂ ಊಟ ಬಡಿಸಿದ ಹಾಗೆ.

ಹಂತ 3: ಹೂವನ್ನು ನೋಡಿ, ಬರೆದು, ನಂಬರು ಹಾಕುವುದು

ಒಂದು ಡೇರೆಯನ್ನು ಕೊಯ್ದು ತಂದು ಕಣ್ಣಿನ ಮಟ್ಟಕ್ಕೆ ಇಟ್ಟುಕೊಳ್ಳಿ. ಹೊರಗಿನ ಎಸಳುಗಳು ಪೂರ್ತಿ ಬಿಚ್ಚಿ, ಸ್ವಲ್ಪ ಹಿಂದಕ್ಕೆ ಬಾಗಿರುತ್ತವೆ. ಒಳಗೆ ಹೋದಂತೆ ಎಸಳು ಚಿಕ್ಕದಾಗುತ್ತ, ದೋಣಿಯ ಹಾಗೆ ಮಡಚಿಕೊಳ್ಳುತ್ತದೆ. ನಡುವೆ ಇನ್ನೂ ಬಿಚ್ಚದ ಎಸಳುಗಳ ಬಿಗಿಯಾದ ಗುಂಡಿ, ಬಣ್ಣವೂ ಅಲ್ಲೇ ಗಾಢ. ಈ ಮೂರು ಸುತ್ತು ಸರಿಯಾಗಿ ಬಂದರೆ ಯಾರು ನೋಡಿದರೂ ಡೇರೆ ಅನ್ನುತ್ತಾರೆ. ಇರುವ ಎಸಳನ್ನೆಲ್ಲ ಹೊಲಿಯಲು ಹೋಗಬೇಡಿ. ಹೊರಸುತ್ತಿಗೆ 12, ನಡುಸುತ್ತಿಗೆ 8, ಒಳಸುತ್ತಿಗೆ 5, ಮಧ್ಯಕ್ಕೆ ಒಂದು ದುಂಡು ತುಂಡು. ಹೂವಿನ ಅಡ್ಡಗಲ 10 ಇಂಚು.

ಇದನ್ನು ಖಾಕಿ ಕಾಗದದ ಮೇಲೆ ಹೂ ಎಷ್ಟು ದೊಡ್ಡದಾಗಿ ಬೇಕೋ ಅಷ್ಟೇ ದೊಡ್ಡದಾಗಿ ಬರೆಯಿರಿ. ಸುಮ್ನೆ ಅಂದಾಜಿನ ಮೇಲೆ ಎಸಳು ಕತ್ತರಿಸಿದವರಿಗೆ ಕೊನೆಯ ಎಸಳಿಗೆ ಜಾಗವೇ ಉಳಿದಿರುವುದಿಲ್ಲ, ಇಲ್ಲವೇ ಎರಡು ಎಸಳಿನಷ್ಟು ಸಂದಿ ಉಳಿದಿರುತ್ತದೆ.

ಈಗ ಚಿತ್ರದ ಪ್ರತಿ ತುಂಡಿಗೂ ನಂಬರು ಹಾಕಿ. ಹೊಲಿಗೆಯ ಕ್ರಮವೇ ನಂಬರು. ಬೇರೆ ಯಾವುದರದ್ದೋ ಕೆಳಗೆ ಹೋಗುವುದು ಮೊದಲು, ಎಲ್ಲದರ ಮೇಲೆ ಬರುವುದು ಕೊನೆಗೆ. ದಂಟು 1. ಮೊಗ್ಗು ಮತ್ತು ಎಲೆ 2ರಿಂದ 4. ಹೊರಸುತ್ತು 5ರಿಂದ 16. ನಡುಸುತ್ತು 17ರಿಂದ 24. ಒಳಸುತ್ತು 25ರಿಂದ 29. ನಡುವಿನ ಗುಂಡಿ 30. ಚೆಂದ ಕಾಣುತ್ತದೆ ಅಂತ ಹೂವನ್ನು ಮೊದಲು ಹೊಲಿದು, ದಂಟನ್ನು ಆಮೇಲೆ ಅದರ ಕೆಳಗೆ ತುರುಕಲು ಹೋಗುತ್ತಾರೆ. ಆ ಜಾಗದಲ್ಲಿ ಹೊಲಿಗೆ ಬಿಚ್ಚದೆ ಬೇರೆ ದಾರಿ ಇರುವುದಿಲ್ಲ.

ಚಿತ್ರವನ್ನು ಮಾರ್ಕರ್ ಪೆನ್ನಿನಿಂದ ಆ ಪಾರದರ್ಶಕ ಪ್ಲಾಸ್ಟಿಕ್ ಮೇಲೆ ಇಳಿಸಿ, ಶಾಯಿ ಪೂರ್ತಿ ಒಣಗಲು ಬಿಡಿ. ಗಾಢ ಬಟ್ಟೆಯ ಮೇಲೆ ಚಿತ್ರ ಬರೆಯುವುದು ಕಷ್ಟ. ಈ ಹಾಳೆಯನ್ನು ಹಿನ್ನೆಲೆ ಬಟ್ಟೆಯ ಮೇಲಂಚಿಗೆ ಪಿನ್ನು ಮಾಡಿಡಿ. ಹಾಳೆ ಎತ್ತಿ ಎಸಳು ಇಡಿ, ಹಾಳೆ ಇಳಿಸಿ ಗೆರೆಗೆ ಸರಿಯಾಗಿ ಇದೆಯೇ ನೋಡಿ. ಬಟ್ಟೆಗೆ ಒಂದೂ ಗುರುತು ಬೀಳುವುದಿಲ್ಲ.

ಹಂತ 4: ತಿಳಿ, ನಡು, ಗಾಢ

ದೂರದಿಂದ ಹೂ ಕಾಣದೇ ಹೋಗುವುದಕ್ಕೆ ಇಲ್ಲಿ ಆಗುವ ತಪ್ಪೇ ಕಾರಣ. ಕಡುಗುಲಾಬಿ ಎಸಳು, ಎಲೆಹಸಿರು ಹಿನ್ನೆಲೆ. ಹತ್ತಿರದಿಂದ ಎರಡೂ ಬೇರೆ ಬೇರೆ ಬಣ್ಣ ಅಲ್ವಾ? ಆದರೆ ಎರಡೂ ಒಂದೇ ಮಟ್ಟದ ಗಾಢ. ದೂರ ಹೋದಂತೆ ಕಣ್ಣಿಗೆ ಬಣ್ಣಕ್ಕಿಂತ ತಿಳಿ-ಗಾಢದ ವ್ಯತ್ಯಾಸವೇ ಮುಖ್ಯವಾಗುತ್ತದೆ. ಆ ವ್ಯತ್ಯಾಸ ಇಲ್ಲದಿದ್ದರೆ ಹೂ ಹಿನ್ನೆಲೆಯೊಳಗೆ ಮುಳುಗುತ್ತದೆ.

ತುಂಡುಗಳನ್ನು ನೆಲದ ಮೇಲೆ ಹರಡಿ, ಮೊಬೈಲಿನಲ್ಲಿ ಫೋಟೊ ತೆಗೆದು, ಅದನ್ನು ಕಪ್ಪು-ಬಿಳುಪು ಮಾಡಿ ನೋಡಿ. ಮೂರು ರಾಶಿ ಕಾಣಬೇಕು: ತಿಳಿ, ನಡು, ಗಾಢ. ಎಲ್ಲವೂ ಒಂದೇ ಬೂದುಬಣ್ಣವಾಗಿ ಕಂಡರೆ ಕತ್ತರಿ ಕೆಳಗಿಡಿ.

ಡೇರೆಗೆ ನಾನು ಹೊರಸುತ್ತನ್ನು ತಿಳಿ ಗುಲಾಬಿ, ನಡುಸುತ್ತನ್ನು ನಡುಬಣ್ಣ, ಒಳಸುತ್ತು ಮತ್ತು ಗುಂಡಿಯನ್ನು ಗಾಢ ಮಾಡುತ್ತೇನೆ. ನಿಜವಾದ ಹೂವಿನಲ್ಲೂ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಹಿನ್ನೆಲೆ ಗಾಢ ಇದ್ದರೆ ತಿಳಿ ಹೊರಸುತ್ತು ಎದ್ದು ಕಾಣುತ್ತದೆ. ನನ್ನ ಈಗಿನ ಕೌದಿಯ ಹಿನ್ನೆಲೆ ಮಳೆಗೆ ನೆಂದ ಚಿರೆಕಲ್ಲು ಪಾಗಾರದ ಬಣ್ಣ. ಕಪ್ಪಿಗೆ ತಿರುಗಿದ ಕಂದು, ಅಲ್ಲಲ್ಲಿ ಪಾಚಿ ಹಸಿರು. ಮಾಸಿದ ಎರಡು ಸೀರೆಗಳನ್ನು ಅಡ್ಡಪಟ್ಟಿಗಳಾಗಿ ಜೋಡಿಸಿದ್ದು. ದೊಡ್ಡ ದೊಡ್ಡ ಹೂವಿನ ಪ್ರಿಂಟು ಇರುವ ಬಟ್ಟೆಯನ್ನು ಹಿನ್ನೆಲೆಗೆ ಬಳಸಬೇಡಿ. ಅದೇ ಪ್ರಿಂಟನ್ನು ಕತ್ತರಿಸಿ ಎಸಳು ಮಾಡಿದರೆ, ಒಂದೇ ಎಸಳಿನೊಳಗೆ ತಿಳಿಯಿಂದ ಗಾಢಕ್ಕೆ ಹೋಗುವ ನೆರಳು ತಾನಾಗಿ ಸಿಗುತ್ತದೆ.

ಹಂತ 5: ಕತ್ತರಿಸುವುದು

ಹಿನ್ನೆಲೆಯನ್ನು 20 ಇಂಚು ಅಗಲ, 26 ಇಂಚು ಎತ್ತರಕ್ಕೆ ಕತ್ತರಿಸಿ. ಹೊಲಿಯುತ್ತ ಹೋದಂತೆ ಬಟ್ಟೆ ಒಳಕ್ಕೆ ಎಳೆದುಕೊಳ್ಳುತ್ತದೆ. ಮೊದಲೇ 18ಕ್ಕೆ 24 ಕತ್ತರಿಸಿಟ್ಟವರಿಗೆ ಕೊನೆಗೆ ಅಳತೆ ಕೂಡುವುದಿಲ್ಲ. ಒಳಪದರ ಮತ್ತು ಹಿಂಬಟ್ಟೆ 22ಕ್ಕೆ 28 ಇರಲಿ.

ಹಿನ್ನೆಲೆ ಬಟ್ಟೆಯ ಹಾಸು ಎಳೆ, ಅಂದರೆ ನೇಯ್ಗೆಯಲ್ಲಿ ಬಟ್ಟೆಯ ಉದ್ದಕ್ಕೆ ಹೋಗುವ ಎಳೆ, ಮೇಲಿನಿಂದ ಕೆಳಕ್ಕೆ ನೇರವಾಗಿ ಬರಬೇಕು. ಓರೆಯಾಗಿ ಕತ್ತರಿಸಿದ ಬಟ್ಟೆ, ಅಂದರೆ ಟೇಲರುಗಳು ಕ್ರಾಸ್ ಅನ್ನುವುದು, ಗೋಡೆಗೆ ಹಾಕಿದ ಮೇಲೂ ಜೋಲುತ್ತ ಹೋಗುತ್ತದೆ. ದಂಟಿಗೆ ಮಾತ್ರ ಕ್ರಾಸ್ ಪಟ್ಟಿಯೇ ಬೇಕು. ಒಂದು ಇಂಚು ಅಗಲದ ಕ್ರಾಸ್ ಪಟ್ಟಿಯನ್ನು ಉದ್ದಕ್ಕೆ ಮೂರು ಮಡಿಕೆ ಮಾಡಿ ಇಸ್ತ್ರಿ ಹಾಕಿದರೆ, ಹೇಗೆ ಬೇಕಾದರೂ ಬಾಗುವ ದಂಟು ಸಿದ್ಧ. ನೇರ ಎಳೆಯ ಪಟ್ಟಿ ಬಾಗಿಸಿದ ಕಡೆ ಸುಕ್ಕು ಬೀಳುತ್ತದೆ.

ಎಸಳಿನ ಅಚ್ಚನ್ನು ರಟ್ಟಿನಲ್ಲಿ ಅಸಲು ಅಳತೆಗೇ ಮಾಡಿ. ಬಟ್ಟೆಯ ಮುಖದ ಮೇಲಿಟ್ಟು ಸುತ್ತ ಗೆರೆ ಎಳೆದು, ಗೆರೆಯಿಂದ ಕಾಲು ಇಂಚಿಗಿಂತ ಕೂದಲೆಳೆಯಷ್ಟು ಕಡಿಮೆ ಬಿಟ್ಟು ಕತ್ತರಿಸಿ. ಜಾಸ್ತಿ ಬಿಟ್ಟರೆ ಮಡಿಸಿದಾಗ ಒಳಗೆ ಗಂಟಾಗುತ್ತದೆ, ಕಡಿಮೆ ಬಿಟ್ಟರೆ ಎಳೆ ಬಿಚ್ಚಿಕೊಂಡು ಹೊರಬರುತ್ತದೆ. ಎಸಳಿನ ಬುಡ ಇನ್ನೊಂದರ ಕೆಳಗೆ ಹೋಗುತ್ತದಲ್ಲ, ಅಲ್ಲಿ ಮಾತ್ರ ಅರ್ಧ ಇಂಚು ಹೆಚ್ಚಿಗೆ ಬಿಡಿ.

ಹಂತ 6: ಎಸಳು ಕೂರಿಸುವುದು

ಇದು ಕೆಲಸದ ಹೃದಯ. ಒಂದು ಎಸಳಿಗೆ ಕಾಲು ಗಂಟೆ ಹಿಡಿಯುತ್ತದೆ, ಗಡಿಬಿಡಿ ಬೇಡ.

ಮೊದಲು ದಂಟು. ಬಾಗಿದ ದಂಟಿಗೆ ಒಳಬಾಗಿನ ಅಂಚನ್ನು ಮೊದಲು ಹೊಲಿಯಿರಿ, ಹೊರಬಾಗಿನದ್ದನ್ನು ಆಮೇಲೆ. ಕ್ರಾಸ್ ಪಟ್ಟಿ ಹಿಗ್ಗುತ್ತದೆ, ಹಾಗಾಗಿ ಹೊರ ಅಂಚು ಎಳೆದುಕೊಂಡು ಕೂರುತ್ತದೆ. ಹೊರ ಅಂಚನ್ನು ಮೊದಲು ಹೊಲಿದರೆ ಒಳಗೆ ಉಳಿದ ಬಟ್ಟೆಗೆ ಹೋಗಲು ಜಾಗವಿಲ್ಲದೆ ನೆರಿಗೆ ಬೀಳುತ್ತದೆ.

ಈಗ ಎಸಳು. ದಾರ ಎಸಳಿನ ಬಣ್ಣದ್ದಿರಲಿ, ಹಿನ್ನೆಲೆಯ ಬಣ್ಣದ್ದಲ್ಲ. ಒಂಟಿ ಎಳೆ, ಉದ್ದ 18 ಇಂಚಿಗಿಂತ ಹೆಚ್ಚು ಬೇಡ. ಉದ್ದ ದಾರ ಬಟ್ಟೆಯೊಳಗೆ ಹತ್ತಾರು ಸಲ ಹಾದು ಜುಂಗಾಗುತ್ತದೆ. ಎಸಳನ್ನು ಹಾಳೆಯ ಗೆರೆಗೆ ಸರಿಯಾಗಿ ಇಟ್ಟು ಎರಡು ಪಿನ್ನು ಹಾಕಿ. ಪಿನ್ನನ್ನು ಬಟ್ಟೆಯ ಹಿಂಭಾಗದಿಂದ ಚುಚ್ಚಿದರೆ ದಾರ ಅದಕ್ಕೆ ಸಿಕ್ಕಿಕೊಳ್ಳುವುದಿಲ್ಲ.

ಶುರು ಮಾಡುವುದು ಎಸಳಿನ ಪಕ್ಕದಿಂದ, ತುದಿಯಿಂದಲ್ಲ. ಸೂಜಿಯ ಮೊನೆಯಿಂದ ಅಂಚನ್ನು ಒಳಕ್ಕೆ ತಳ್ಳಿ. ಎಳೆದ ಗೆರೆ ಮಡಿಕೆಯ ಕೆಳಗೆ ಮಾಯವಾಗಬೇಕು. ಒಂದು ಸಲಕ್ಕೆ ಅರ್ಧ ಇಂಚು ಮಾತ್ರ ಮಡಿಸಿ, ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿಯಿರಿ. ಸೂಜಿ ಕೆಳಗಿನಿಂದ ಬಂದು ಮಡಿಕೆಯ ಅಂಚಿನ ಒಂದೆರಡು ಎಳೆಯನ್ನಷ್ಟೇ ಹಿಡಿಯಬೇಕು. ಮೇಲೆ ಬಂದ ಜಾಗದ ನೇರ ಎದುರಿಗೆ ಹಿನ್ನೆಲೆಯೊಳಗೆ ಇಳಿಯಬೇಕು. ಕೆಳಗೆ ಎರಡು ಮೂರು ಮಿಲಿಮೀಟರು ಮುಂದೆ ಹೋಗಿ ಮತ್ತೆ ಮೇಲೆ. ಬ್ಲೌಸಿಗೆ ಹೆಮ್ಮಿಂಗ್ ಹಾಕಿ ಗೊತ್ತಿದ್ದವರಿಗೆ ಇದು ಹೊಸತಲ್ಲ, ಆದರೆ ಹೊಲಿಗೆ ಅದಕ್ಕಿಂತ ಒತ್ತೊತ್ತಾಗಿರಬೇಕು.

ತುದಿ ಹತ್ತಿರ ಬಂತು. ಇಲ್ಲಿ ಎಲ್ಲರೂ ಎಡವುತ್ತಾರೆ, ಹಾಗಾಗಿ ಒಂದೊಂದಾಗಿ ಹೇಳುತ್ತೇನೆ. ಎಸಳಿನ ಮೊನೆಯಲ್ಲಿ ಗುರುತಿನ ಗೆರೆಗಳು ಸೇರುವ ಬಿಂದುವಿನವರೆಗೂ ಹೊಲಿಯಿರಿ. ಆ ಬಿಂದುವಿನಲ್ಲಿ ಒಂದರ ಮೇಲೊಂದು ಎರಡು ಹೊಲಿಗೆ ಹಾಕಿ. ಈಗ ಮೊನೆಯಿಂದ ಒಂದು ಕಿವಿಯ ಹಾಗೆ ಹೊರಗೆ ಚಾಚಿಕೊಂಡ ಬಟ್ಟೆ ಕಾಣುತ್ತದೆ. ಅದರಲ್ಲಿ ಅರ್ಧವನ್ನು ಸಣ್ಣ ಕತ್ತರಿಯಿಂದ ತೆಗೆಯಿರಿ. ಉಳಿದದ್ದನ್ನು ಸೂಜಿಯಿಂದ ಎಸಳಿನ ಕೆಳಗೆ ಗುಡಿಸಿದ ಹಾಗೆ ಒಳಗೆ ತಳ್ಳಿ. ದಾರವನ್ನು ಮೊನೆಯ ದಿಕ್ಕಿಗೆ ಒಮ್ಮೆ ಮೆಲ್ಲಗೆ ಎಳೆದರೆ ಮೊನೆ ಚೂಪಾಗಿ ಎದ್ದು ಬರುತ್ತದೆ. ಆಮೇಲೆ ಇನ್ನೊಂದು ಪಕ್ಕ. ಮೊದಲ ಎರಡು ಮೂರು ಎಸಳಿನ ಮೊನೆ ಮೊಂಡಾಗಿಯೇ ಬರುತ್ತದೆ. ಅವನ್ನು ಕೀಳಬೇಡಿ, ಹೂವಿನ ಕೆಳಭಾಗಕ್ಕೆ ಬಂದರೆ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ನಾನು 5ನೇ ನಂಬರನ್ನು ಯಾವಾಗಲೂ ಕೆಳಗಿನ ಎಸಳಿಗೆ ಕೊಡುತ್ತೇನೆ.

ಹೊರಕ್ಕೆ ಉಬ್ಬಿದ ಅಂಚಿಗೆ ಕತ್ತರಿ ತಾಗಿಸಬೇಡಿ. ಎಲೆಯಲ್ಲಿ, ಮೊಗ್ಗಿನ ತೊಟ್ಟಿನಲ್ಲಿ ಒಳಕ್ಕೆ ಬಾಗಿದ ಜಾಗ ಬರುತ್ತದೆ. ಅಲ್ಲಿ ಮಾತ್ರ ಗೆರೆಗೆ ಎರಡು ಎಳೆ ದೂರದವರೆಗೆ ಸಣ್ಣ ಕಚ್ಚು ಹಾಕಿ.

ಎಸಳಿನ ಬುಡವನ್ನು ಮಡಿಸಬೇಡಿ, ಹಾಗೇ ಚಪ್ಪಟೆಯಾಗಿ ಬಿಡಿ. ಮೇಲಿನ ಸುತ್ತು ಅದನ್ನು ಮುಚ್ಚುತ್ತದೆ. ಬುಡವನ್ನೂ ಮಡಿಸಿ ಹೊಲಿದ ಒಬ್ಬರ ಹೂವಿನ ನಡುಭಾಗ ಬೋಂಡಾದಷ್ಟು ದಪ್ಪವಾಗಿತ್ತು. ಅದರೊಳಗೆ ಸೂಜಿ ಇಳಿಯಲೇ ಇಲ್ಲ.

ಸುತ್ತಿನ ಕೊನೆಯ ಎಸಳಿಗೂ ಒಂದು ಉಪಾಯ ಇದೆ. ಪ್ರತಿ ಎಸಳೂ ಹಿಂದಿನದರ ಮೇಲೆ ಸ್ವಲ್ಪ ಹತ್ತಿಕೊಂಡು ಬರುತ್ತದೆ. ಹನ್ನೆರಡನೆಯದು ಹನ್ನೊಂದರ ಮೇಲೆ, ಆದರೆ ಮೊದಲನೆಯದರ ಕೆಳಗೆ ಹೋಗಬೇಕು. ಹಾಗಾಗಿ ಮೊದಲ ಎಸಳಿನ ಒಂದು ಪಕ್ಕವನ್ನು ಹೊಲಿಯದೆ ಬಿಟ್ಟಿರಿ. ಕೊನೆಯದನ್ನು ಅದರ ಕೆಳಗೆ ತೂರಿಸಿ, ಆಮೇಲೆ ಮುಚ್ಚಿ. ಇದನ್ನು ಮರೆತರೆ ಸುತ್ತಿನಲ್ಲಿ ಒಂದು ಎಸಳು ಮಾತ್ರ ಎಲ್ಲರ ಮೇಲೆ ಹತ್ತಿ ಕೂತ ಹಾಗೆ ಕಾಣುತ್ತದೆ.

ಎಚ್ಚರಿಕೆಯ ಗುರುತು: ಮೂರು ಎಸಳಿಗೊಮ್ಮೆ ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಕೈ ತೆಗೆಯಿರಿ. ಎಸಳಿನ ಸುತ್ತ ಹಿನ್ನೆಲೆ ಬಟ್ಟಲಿನ ಹಾಗೆ ಕುಳಿ ಬಿದ್ದರೆ ದಾರ ಬಿಗಿಯಾಗಿದೆ. ಇಸ್ತ್ರಿ ಹಾಕಿದರೆ ಸರಿಹೋಗುತ್ತದೆ ಅಂತ ಮುಂದೆ ಹೋಗಬೇಡಿ, ಸರಿಹೋಗುವುದಿಲ್ಲ. ಆಗಲೇ ಬಿಚ್ಚಿ. ಮೂರು ಎಸಳು ಬಿಚ್ಚುವುದು ಅರ್ಧ ಗಂಟೆಯ ಕೆಲಸ.

ಹಂತ 7: ಮೂರು ಪದರ ಸೇರಿಸುವುದು

ಹೂ ಮುಗಿದ ಮೇಲೆ ಬಟ್ಟೆಯನ್ನು ಮಗುಚಿ. ಹೂವಿನ ಹಿಂದೆ ಅಡಗಿರುವ ಹಿನ್ನೆಲೆ ಬಟ್ಟೆಯನ್ನು, ಹೊಲಿಗೆಯಿಂದ ಕಾಲು ಇಂಚು ಒಳಗೆ ಬಿಟ್ಟು, ಕತ್ತರಿಸಿ ತೆಗೆಯಿರಿ. ಗಾಢ ಹಿನ್ನೆಲೆ ತಿಳಿ ಎಸಳಿನ ಮೂಲಕ ನೆರಳಾಗಿ ಕಾಣುವುದು ನಿಲ್ಲುತ್ತದೆ, ದಪ್ಪವೂ ಕಡಿಮೆಯಾಗುತ್ತದೆ. ಕತ್ತರಿಯ ಕೆಳಗೆ ಎಸಳು ಸಿಕ್ಕಿಲ್ಲ ಅನ್ನುವುದನ್ನು ಬೆರಳಿನಿಂದ ಎರಡು ಸಲ ಮುಟ್ಟಿ ನೋಡಿ. ಆಮೇಲೆ ಮೆತ್ತಗಿನ ಟವೆಲ್ ಮೇಲೆ ಮುಖ ಕೆಳಗೆ ಮಾಡಿ ಇಸ್ತ್ರಿ ಹಾಕಿ. ಮುಖದ ಮೇಲೆಯೇ ಒತ್ತಿದರೆ ಎಸಳು ಚಪ್ಪಟೆಯಾಗಿ, ಒಳಮಡಿಕೆಯ ಗುರುತು ಮೇಲೆ ಮೂಡುತ್ತದೆ.

ಒಳಪದರಕ್ಕೆ ಮಕ್ಕಳ ಬಟ್ಟೆಗೆ ಬಳಸುವ ಫ್ಲಾನೆಲ್ ಒಂದು ಪದರ, ಅಥವಾ ಹಳೆ ಪಂಚೆ ಎರಡು ಪದರ. ಹಾಸಿಗೆಯ ಹತ್ತಿ ತುಂಬಬೇಡಿ. ಅದು ಗಂಟು ಕಟ್ಟುತ್ತದೆ, ತೇವ ಹಿಡಿಯುತ್ತದೆ.

ಹಿಂಬಟ್ಟೆಯನ್ನು ಮುಖ ಕೆಳಗೆ ಮಾಡಿ ನೆಲದ ಮೇಲೆ ಹರಡಿ, ಅಂಚಿಗೆ ಟೇಪು ಅಂಟಿಸಿ. ಸುಕ್ಕು ಹೋಗುವಷ್ಟು ಬಿಗಿ ಸಾಕು. ಎಳೆದು ಹಿಗ್ಗಿಸಿದರೆ ಟೇಪು ತೆಗೆದ ಕ್ಷಣ ಅದು ಕುಗ್ಗಿ ಮೇಲಿನ ಪದರವನ್ನು ಅಲೆ ಮಾಡುತ್ತದೆ. ಹಪ್ಪಳದ ಹಾಗಾದ ಆ ಕೌದಿಗೆ ಆದದ್ದು ಇದೇ. ಅದರ ಮೇಲೆ ಒಳಪದರ, ಅದರ ಮೇಲೆ ಹೂವಿನ ಬಟ್ಟೆ. ಕೈಯಿಂದ ನಡುವಿನಿಂದ ಹೊರಕ್ಕೆ ನೇವರಿಸಿ.

ಈಗ ಕಚ್ಚಾ ಹೊಲಿಗೆ, ಅಂದರೆ ಆಮೇಲೆ ಬಿಚ್ಚಿ ತೆಗೆಯುವ ತಾತ್ಕಾಲಿಕ ಹೊಲಿಗೆ. ನಡುವಿನಿಂದ ಶುರು ಮಾಡಿ ನಾಲ್ಕು ದಿಕ್ಕಿಗೂ, ನಾಲ್ಕು ಇಂಚಿಗೊಂದು ಸಾಲು. ಬೇಗ ಆಗುತ್ತದೆ ಅಂತ ಸೇಫ್ಟಿ ಪಿನ್ನು ಹಾಕಿ ವಾರಗಟ್ಟಲೆ ಬಿಡುವವರಿದ್ದಾರೆ. ಕಾರವಾರದಂಥ ಸಮುದ್ರದ ಉಪ್ಪು ಗಾಳಿಯಲ್ಲಿ ಪಿನ್ನು ತುಕ್ಕು ಹಿಡಿದು ಬಟ್ಟೆಗೆ ಕಂದು ಚುಕ್ಕೆ ಬಿಡುತ್ತದೆ. ಆ ಕಲೆ ಸುಲಭಕ್ಕೆ ಹೋಗುವುದಿಲ್ಲ. ಕರಾವಳಿಯವರಿಗೆ ದಾರವೇ ಸರಿ.

ಹಂತ 8: ಕೌದಿ ಹೊಲಿಗೆ

ಇಲ್ಲಿ ಒಂದು ಪ್ರಶ್ನೆ ಪದೇ ಪದೇ ಬರುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕೌದಿಯನ್ನು ಮೂಲೆಯಿಂದ ಶುರು ಮಾಡಿ, ಅಂಚಿನ ಉದ್ದಕ್ಕೂ ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ಚೌಕಟ್ಟು ಇಲ್ಲ, ತೊಡೆಯ ಮೇಲಿಟ್ಟುಕೊಂಡೇ ಹೊಲಿಯುತ್ತಾರೆ. ಮತ್ತೆ ನೀವು ಯಾಕೆ ನಡುವಿನಿಂದ ಅನ್ನುತ್ತೀರಿ ಅಂತ. ಅವರು ತುಂಡುಗಳನ್ನು ಮೊದಲೇ ಜೋಡಿಸಿ ಇಟ್ಟುಕೊಂಡಿರುವುದಿಲ್ಲ, ಹೊಲಿಯುತ್ತ ಇಡುತ್ತಾ ಹೋಗುತ್ತಾರೆ. ಬಟ್ಟೆ ಸ್ವಲ್ಪ ಜರುಗಿದರೆ ಮುಂದಿನ ತುಂಡು ಅದನ್ನು ತುಂಬಿಕೊಳ್ಳುತ್ತದೆ. ಆ ಕ್ರಮಕ್ಕೆ ಅಂಚಿನಿಂದ ಬರುವುದೇ ಸರಿ. ನಮ್ಮದು ಪೂರ್ತಿ ಮುಗಿದ ಚಿತ್ರ. ಅಂಚಿನಿಂದ ಬಂದರೆ ಹೆಚ್ಚಾದ ಬಟ್ಟೆಯೆಲ್ಲ ನಡುವೆ ಬಂದು ಹೂವಿನ ಕೆಳಗೆ ಉಬ್ಬಿ ನಿಲ್ಲುತ್ತದೆ.

ಹಾಗಾಗಿ ಹೂವಿನ ಗುಂಡಿಯ ಸುತ್ತಲಿನಿಂದ ಶುರು. ಗಂಟನ್ನು ಮೇಲಿನ ಬಟ್ಟೆಯೊಳಗೆ ಟಕ್ ಅಂತ ಎಳೆದು ಒಳಪದರದಲ್ಲಿ ಅಡಗಿಸಿ. ಸಾದಾ ಓಡುವ ಹೊಲಿಗೆ, ಇಂಚಿಗೆ ಐದಾರು ಸಾಕು. ಹೊಲಿಗೆ ಚಿಕ್ಕದಾಗಿರಬೇಕು ಅಂತ ಒದ್ದಾಡಬೇಡಿ, ಒಂದೇ ಸಮ ಇರಲಿ. ಪ್ರತಿ ಹೊಲಿಗೆಗೂ ಕೆಳಗಿನ ಬೆರಳಿಗೆ ಸೂಜಿಯ ಮೊನೆ ತಾಗಬೇಕು. ತಾಗದಿದ್ದರೆ ಹಿಂಬಟ್ಟೆ ಸಿಕ್ಕಿಲ್ಲ.

ಒಳಸುತ್ತಿನ ಎಸಳುಗಳ ಅಂಚಿಗೆ ಒತ್ತಿಕೊಂಡು ಒಂದು ಸಾಲು, ನಡುಸುತ್ತಿಗೆ ಒಂದು, ಹೊರಸುತ್ತಿನ ಹೊರಗೆ ಕಾಲು ಇಂಚು ಬಿಟ್ಟು ಒಂದು. ಅಲ್ಲಿಂದ ಅದೇ ಆಕಾರದಲ್ಲಿ ಮುಕ್ಕಾಲು ಇಂಚಿಗೊಂದು ಸಾಲು, ಬಾವಿಗೆ ಕಲ್ಲು ಬಿದ್ದಾಗ ಏಳುವ ತೆರೆಯ ಹಾಗೆ ಅಂಚಿನವರೆಗೆ.

ಹಿನ್ನೆಲೆಗೆ ಒತ್ತೊತ್ತಾಗಿ ಹೊಲಿದು ಹೂವನ್ನು ಮುಟ್ಟದೆ ಬಿಡುವುದು ದೊಡ್ಡ ತಪ್ಪು. ಹೊಲಿಗೆ ಇರುವ ಜಾಗ ಕುಗ್ಗುತ್ತದೆ, ಇಲ್ಲದ ಜಾಗ ಕುಗ್ಗುವುದಿಲ್ಲ. ಹೂ ಚೀಲದ ಹಾಗೆ ಜೋತು ಬೀಳುತ್ತದೆ. ಇಡೀ ಕೌದಿಯಲ್ಲಿ ಸಾಲುಗಳ ನಡುವಿನ ಅಂತರ ಹೆಚ್ಚು ಕಡಿಮೆ ಒಂದೇ ಇರಬೇಕು. ಹಿಂಬಟ್ಟೆಯಲ್ಲಿ ಮಡಿಕೆ ಬಿದ್ದಿದೆಯೇ ಅಂತ ದಿನಕ್ಕೊಮ್ಮೆ ಮಗುಚಿ ನೋಡಿ.

ಹಂತ 9: ಮೂಲೆ ಸರಿಮಾಡಿ ಪ‍ಟ್ಟಿ ಕಟ್ಟುವುದು

ಕಚ್ಚಾ ಹೊಲಿಗೆ ತೆಗೆದು, ಬಟ್ಟೆಯ ಮೇಲೆ ನೀರು ಚಿಮುಕಿಸಿ, ಹಾಸಿಗೆಯ ಮೇಲೆ ನೇರವಾಗಿ ಪಿನ್ನು ಮಾಡಿ ಫ್ಯಾನಿನ ಕೆಳಗೆ ಒಂದು ದಿನ ಬಿಡಿ. ಸಣ್ಣ ಪುಟ್ಟ ಅಲೆ ಇದ್ದರೆ ಇಲ್ಲಿ ಇಳಿಯುತ್ತದೆ. ಹಂತ 2ರಲ್ಲಿ ಬಣ್ಣ ಪರೀಕ್ಷೆ ಮಾಡಿದ್ದರೆ ಈಗ ಹೆದರಿಕೆ ಇಲ್ಲ.

ಒಣಗಿದ ಮೇಲೆ ಎಲ್ ಸ್ಕೇಲಿನಿಂದ 18ಕ್ಕೆ 24 ಗುರುತು ಹಾಕಿ. ಕತ್ತರಿಸುವ ಮೊದಲು ಎರಡೂ ಮೂಲೆಗೆರೆ, ಅಂದರೆ ಮೂಲೆಯಿಂದ ಎದುರು ಮೂಲೆಗೆ, ಅಳೆಯಿರಿ. ಎರಡೂ ಸರಿಯಾಗಿ 30 ಇಂಚು ಬರಬೇಕು. ಒಂದು ಹೆಚ್ಚು, ಇನ್ನೊಂದು ಕಡಿಮೆ ಬಂದರೆ ಮೂಲೆ ಸೊಟ್ಟ ಇದೆ ಅಂತ ಅರ್ಥ.

ಪಟ್ಟಿಗೆ ಎರಡೂವರೆ ಇಂಚು ಅಗಲದ ಬಟ್ಟೆ, ಒಟ್ಟು ಉದ್ದ 96 ಇಂಚು. ಸುತ್ತಳತೆ 84, ಉಳಿದದ್ದು ಮೂಲೆ ಮತ್ತು ಜೋಡಣೆಗೆ. ಉದ್ದಕ್ಕೆ ಎರಡು ಮಡಿಕೆ ಮಾಡಿ, ಮುಂಭಾಗದಲ್ಲಿ ಕಾಲು ಇಂಚು ಒಳಗೆ ಹೊಲಿದು, ಹಿಂದಕ್ಕೆ ಮಡಿಸಿ ಹೆಮ್ಮಿಂಗ್ ಮಾಡಿ. ಮೂಲೆಗೆ ಕಾಲು ಇಂಚು ಇರುವಾಗಲೇ ನಿಲ್ಲಿಸಿ ದಾರ ಕತ್ತರಿಸಬೇಕು. ಪಟ್ಟಿಯನ್ನು ಮೇಲಕ್ಕೆ ಓರೆಯಾಗಿ ಮಡಿಸಿ, ಮತ್ತೆ ಕೆಳಕ್ಕೆ ಮಡಿಸಿ, ಅಂಚಿನಿಂದ ಹೊಸದಾಗಿ ಶುರು ಮಾಡಿ. ಮೂಲೆಯವರೆಗೂ ಹೊಲಿದುಬಿಟ್ಟರೆ ಅದು ದುಂಡಗಾಗುತ್ತದೆ. ಸಿದ್ದಿ ಕೌದಿಗಳ ಮೂಲೆಯಲ್ಲಿ ಮಡಿಸಿದ ತುಂಡುಗಳ ಪುಟ್ಟ ಹೂ ಇರುತ್ತದೆ, ಫುಲಾ ಅನ್ನುತ್ತಾರೆ. ಅದರಲ್ಲಿ ಕೈ ಪಳಗಿದವರ ಹತ್ತಿರ ಕೂತು ಕಲಿತರೆ ಒಳ್ಳೆಯದು, ನನ್ನ ಮಾತಿನಲ್ಲಿ ಹೇಳಿದರೆ ಕೈಗೆ ಬರುವುದಿಲ್ಲ.

ಹಂತ 10: ಗೋಡೆಗೆ ಹಾಕುವುದು, ಮಳೆಗಾಲ ಕಳೆಯುವುದು

ಮೂಲೆಗೆ ಎರಡು ಮೊಳೆ ಹೊಡೆದು ನೇತು ಹಾಕಿದರೆ ನಡುಭಾಗ ಜೋಲುತ್ತದೆ. ಹಿಂಭಾಗದಲ್ಲಿ, ಮೇಲಂಚಿಗೆ ಒಂದು ಕೊಳವೆ ಬೇಕು. 17 ಇಂಚು ಉದ್ದ, 6 ಇಂಚು ಅಗಲದ ಬಟ್ಟೆಯ ಎರಡು ತುದಿ ಮಡಿಸಿ ಹೊಲಿದು, ಕೊಳವೆ ಮಾಡಿ, ಮೇಲೂ ಕೆಳಗೂ ಹಿಂಬಟ್ಟೆಗಷ್ಟೇ ಹೊಲಿಯಿರಿ. ಸೂಜಿ ಮುಂದಕ್ಕೆ ಬರಬಾರದು. ಒಳಗೆ ಕೋಲು ಹೋದಾಗ ಮುಂಭಾಗ ಉಬ್ಬದಂತೆ ಕೊಳವೆ ಸ್ವಲ್ಪ ಸಡಿಲ ಇರಲಿ. ಕೋಲಿಗೆ ತೆಳು ಮರದ ಪಟ್ಟಿ ಒಳ್ಳೆಯದು. ಹಸಿ ಬಿದಿರಿಗೆ ಕುಟ್ಟೆ ಹಿಡಿದು ಪುಡಿ ಉದುರುತ್ತದೆ.

ಬಿಸಿಲು ನೇರ ಬೀಳುವ ಗೋಡೆ ಬೇಡ, ಬಣ್ಣ ಮಾಸುತ್ತದೆ. ಮಳೆ ಹೊಡೆಯುವ ಹೊರಗೋಡೆಯ ಒಳಮೈಯೂ ಬೇಡ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರು ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ನಾಲ್ಕು ತಿಂಗಳು ಚಿರೆಕಲ್ಲಿನ ಗೋಡೆ ಬೆವರುತ್ತಲೇ ಇರುತ್ತದೆ. ಒಳಗೋಡೆಗೆ ಹಾಕಿ, ಕೋಲಿನ ಎರಡು ತುದಿಯ ಹಿಂದೆ ಅರ್ಧ ಇಂಚಿನ ಮರದ ತುಂಡು ಕೊಟ್ಟು ಹಿಂದೆ ಗಾಳಿ ಆಡಲು ಬಿಡಿ.

ತೆಗೆದಿಡುವುದಾದರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಒಳಗಿನ ತೇವ ಅಲ್ಲೇ ಉಳಿದು ಬೂಸಲು ಬರುತ್ತದೆ. ಹೂ ಹೊರಮುಖವಾಗಿ ಸುರುಳಿ ಸುತ್ತಿ, ತೊಳೆದ ಹಳೆ ಪಂಚೆಯಲ್ಲಿ ಸುತ್ತಿಡಿ. ಮಳೆ ನಿಂತು ಒಂದು ದಿನ ಹೊಳವು ಕೊಟ್ಟರೂ ಸಾಕು, ಹೊರಗೆ ತೆಗೆದು ನೆರಳಿನಲ್ಲಿ ಗಾಳಿಗೆ ಹರಡಿ.

ಬೂಸಲಿನ ಮೊದಲ ಗುರುತು ಕಣ್ಣಿಗಿಂತ ಮೂಗಿಗೆ ಬರುತ್ತದೆ, ಮುಗ್ಗಲು ವಾಸನೆ. ಬೂದುಬಣ್ಣದ ಚುಕ್ಕೆ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಅದು ಇನ್ನೂ ಹರಡುತ್ತದೆ. ಮನೆಯ ಹೊರಗೆ ಒಯ್ದು ಪೂರ್ತಿ ಒಣಗಿಸಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆತ್ತಗಿನ ಬ್ರಷ್ಷಿನಿಂದ ನಡುವಿನಿಂದ ಹೊರಕ್ಕೆ ಕೊಡವಿ. ಹಿಂಭಾಗವನ್ನು ಮಾತ್ರ ಬೆಳಗಿನ ಎಳೆ ಬಿಸಿಲಿಗೆ ಅರ್ಧ ಗಂಟೆ ಇಟ್ಟು, ಒಳಗೆ ತರುವ ಮೊದಲು ಕೋಲನ್ನೂ ಕೊಳವೆಯಿಂದ ತೆಗೆದು ಒಣಗಿಸಿ. ಕೌದಿ ಒಣಗಿಸಿ ಕೋಲು ಮರೆತವರ ಮನೆಯಲ್ಲಿ ಬೂಸಲು ಮತ್ತೆ ಶುರುವಾಗುವುದು ಆ ಕೊಳವೆಯ ಒಳಗಿನಿಂದಲೇ.